ಗ್ಲೆನಿಯ ಎರಡನೇ ಚುಚ್ಚು

ಗಂಟಲುಮಾರಿ. ಡಿಫ್ತೀರಿಯಾಕ್ಕೆ ನಮ್ಮ ಹಳಬರು ಇಟ್ಟ ಹೆಸರು, ಎಷ್ಟು ಸರಿಯಾಗಿದೆ ನೋಡಿ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಮಗುವಿಗೆ ಉಸಿರಾಡಲು ಬಿಡದ ರೋಗ. ಬ್ಯಾಕ್ಟೀರಿಯಾ ಕಾರುವ ವಿಷ ಹೃದಯಕ್ಕೂ ಕೈಹಾಕುತ್ತದೆ. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಇದಕ್ಕೆ ಪ್ರತಿವಿಷ ತೋರಿಸಿಕೊಟ್ಟರು. ಕುದುರೆಗಳಿಗೆ ವಿಷ ಚುಚ್ಚಿ, ಅವುಗಳ ರಕ್ತದಿಂದ ತೆಗೆದ ಪ್ರತಿವಿಷವನ್ನು ಮಕ್ಕಳಿಗೆ ಕೊಡುತ್ತಿದ್ದರು. ಆದರೆ ಸಾಲ ತಂದ ಪ್ರತಿವಿಷ ಎಷ್ಟು ದಿನ ಬಂದೀತು? ಕೆಲವೇ ವಾರ.

ನನಗೆ ಇಷ್ಟವಾದ ಮನುಷ್ಯ ಇಲ್ಲಿ ಬರುತ್ತಾನೆ: ಅಲೆಕ್ಸಾಂಡರ್ ಗ್ಲೆನಿ. ಲಂಡನ್ನಿನ ವೆಲ್ಕಮ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಪ್ರತಿವಿಷ ಅಳೆಯುತ್ತಾ ಕೂತವನು. ಫಾರ್ಮಲಿನ್ ತಾಗಿದ ವಿಷ ಕೊಲ್ಲುವ ಶಕ್ತಿ ಕಳೆದುಕೊಂಡರೂ ರಕ್ಷಣೆ ಹುಟ್ಟಿಸುವ ಗುಣ ಉಳಿಸಿಕೊಳ್ಳುತ್ತದೆ ಎಂದು ಗಮನಿಸಿದವರಲ್ಲಿ ಅವನೂ ಒಬ್ಬ. (ಪ್ಯಾರಿಸ್ಸಿನ ರಾಮೋನ್ 1923ರಲ್ಲಿ ಇದನ್ನೇ ಲಸಿಕೆ ಮಾಡಿದ.) 1921ರಲ್ಲಿ ಗ್ಲೆನಿ ಮತ್ತು ಸುಡ್ಮರ್ಸನ್ ಬರೆದದ್ದು ಇಷ್ಟು: ಮೊದಲ ಚುಚ್ಚಿಗೆ ದೇಹ ನಿಧಾನವಾಗಿ, ಸ್ವಲ್ಪವೇ ಪ್ರತಿವಿಷ ಮಾಡುತ್ತದೆ. ತುಂಬಾ ದಿನ ಬಿಟ್ಟು ಎರಡನೆಯದು ಕೊಟ್ಟರೆ ಕೆಲವೇ ದಿನಗಳಲ್ಲಿ, ಎಷ್ಟೋ ಪಟ್ಟು ಹೆಚ್ಚು. ಬೂಸ್ಟರ್ ಅನ್ನುವುದರ ಬೀಜ ಇದೇ. 1926ರಲ್ಲಿ ಅವನೇ ಲಸಿಕೆಗೆ ಪಟಿಕ ಸೇರಿಸಿ ಪರಿಣಾಮ ಹೆಚ್ಚಿಸಿದ. ಹೌದು, ಕ್ಷೌರದಂಗಡಿಯ ಪಟಿಕವೇ! ಅಲ್ಯೂಮಿನಿಯಂ ಲವಣ ಇಂದಿಗೂ ಡಿಪಿಟಿಯಲ್ಲಿದೆ.

ಯಾಕೆ ಹೀಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಿ ಕಣ, ಟಿ ಕಣಗಳು ಬೇರೆಬೇರೆ ಎಂದು ಕೋಳಿಗಳಲ್ಲಿ ಸ್ಪಷ್ಟವಾದದ್ದು 1965ರಲ್ಲಿ, ಅವನು ತೀರಿಕೊಂಡ ವರ್ಷ. ಈಗ ತಿಳಿದಿರುವಂತೆ, ಮೊದಲ ಚುಚ್ಚಿನ ನಂತರ ದುಗ್ಧಗ್ರಂಥಿಗಳಲ್ಲಿ ಬಿ ಕಣಗಳ ನಡುವೆ ತಿಂಗಳುಗಟ್ಟಲೆ ಪೈಪೋಟಿ ನಡೆಯುತ್ತದೆ; ವಿಷವನ್ನು ಬಿಗಿಯಾಗಿ ಹಿಡಿಯುವಂಥವು ನೆನಪಿನ ಕಣಗಳಾಗಿ ಉಳಿಯುತ್ತವೆ. ಬೂಸ್ಟರ್ ಬಡಿದೆಬ್ಬಿಸುವುದು ಇವನ್ನು. ಇವುಗಳ ಸಂತಾನದಲ್ಲಿ ಒಂದಷ್ಟು ಮೂಳೆಯ ಮಜ್ಜೆ ಸೇರಿ ವರ್ಷಗಟ್ಟಲೆ ಪ್ರತಿಕಾಯ ಮಾಡುತ್ತಾ ಕೂರುತ್ತವೆ. ಎಳೆಗೂಸಿನ ಮಜ್ಜೆಯಲ್ಲಿ ಇವು ಹೆಚ್ಚು ಕಾಲ ನಿಲ್ಲುವುದಿಲ್ಲ, ಜೊತೆಗೆ ಅಮ್ಮನಿಂದ ಬಂದ ಪ್ರತಿಕಾಯಗಳೂ ಅಡ್ಡ ಬರುತ್ತವೆ.

"ಆರು, ಹತ್ತು, ಹದಿನಾಲ್ಕು ವಾರಕ್ಕೆ ಮೂರೂ ಹಾಕ್ಸಾಯ್ತಲ್ಲೋ, ಮತ್ತೆ ಜ್ವರ ಬರಿಸೋದು ಯಾಕೆ?" ಅಂತ ನಮ್ಮಕ್ಕ ಕೇಳಿದಾಗ ನಾನು ಹೇಳಿದ್ದೂ ಇದನ್ನೇ. ಆ ಮೂರು ಅಡಿಪಾಯ. 16-24 ತಿಂಗಳಿನದು, 5-6 ವರ್ಷದ್ದು ಗೋಡೆ. ಬರೀ ಅಡಿಪಾಯದಲ್ಲಿ ಸಂಸಾರ ಹೂಡುವವರುಂಟೇ?

ಅದಕ್ಕೂ ಒಪ್ಪದವರು ಸೋವಿಯತ್ ಕಥೆ ಕೇಳಬೇಕು. ಅಲ್ಲಿ ಗಂಟಲುಮಾರಿ ಬಹುತೇಕ ಮಾಯವಾಗಿತ್ತು. 80ರ ದಶಕದಲ್ಲಿ ಎಷ್ಟೋ ಮಕ್ಕಳಿಗೆ ಕಡಿಮೆ ಬಲದ ಲಸಿಕೆ ಕೊಟ್ಟರು, ಶಾಲೆ ಸೇರುವಾಗಿನ ಬೂಸ್ಟರ್ ಕೈಬಿಟ್ಟರು. ದೊಡ್ಡವರ ರಕ್ಷಣೆಯೂ ಸವೆದಿತ್ತು. 1990ರಿಂದ 1998ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿತು, ಸಾವಿರಾರು ಜನ ಸತ್ತರು. ಮತ್ತೆ ದೊಡ್ಡವರಿಗೂ ಸೇರಿಸಿ ಸಾಮೂಹಿಕವಾಗಿ ಲಸಿಕೆ ಹಾಕಿದ ಮೇಲೇ ಅದು ಇಳಿದದ್ದು.

ನಮ್ಮಲ್ಲಿ 10 ಮತ್ತು 16ನೇ ವಯಸ್ಸಿಗೆ ಮೊದಲು ಬರೀ ಧನುರ್ವಾಯುವಿನ ಟಿಟಿ ಕೊಡುತ್ತಿದ್ದರು. ಈಗ ಅದರ ಜಾಗದಲ್ಲಿ ಟಿಡಿ ಬಂದಿದೆ, ಆ 'ಡಿ' ಇದೇ ಗಂಟಲುಮಾರಿಯದು. ಅಂದಹಾಗೆ, ನಿಮ್ಮ ಕಡೆ ಈ ರೋಗಕ್ಕೆ ಬೇರೆ ಹೆಸರಿದ್ದರೆ ತಿಳಿಸಿ, ಸಂಗ್ರಹಿಸುತ್ತಿದ್ದೇನೆ.