ಇನ್ನೂ ಬೆಸ್ಟು

ಜೂನ್ ತಿಂಗಳ ಒಂದು ಸಂಜೆ ತಳ್ಳುಗಾಡಿಯ ಹತ್ತಿರ ನಿಂತು ರಸಪೂರಿ ಹೇಗಪ್ಪಾ ಎಂದು ಕೇಳಿದೆ. ಹಣ್ಣಿನವನು, "ರಸಪೂರಿಗಿಂತ ಬಾದಾಮೀನೇ ಬೆಸ್ಟು ಸಾರ್" ಎಂದ. ಪಕ್ಕದಲ್ಲಿ ಮಲ್ಲಿಕಾ ಇತ್ತು. ಅದು? "ಅದು ಇನ್ನೂ ಬೆಸ್ಟು!"

ನನ್ನ ಏಳನೇ ಕ್ಲಾಸಿನ ಇಂಗ್ಲಿಷ್ ಮೇಷ್ಟ್ರು ಅಲ್ಲಿದ್ದಿದ್ದರೆ ಹಣ್ಣಿನವನನ್ನು ಅವನ ಗಾಡಿಯ ಮೇಲೇ ನಿಲ್ಲಿಸಿಬಿಡುತ್ತಿದ್ದರು. ಗುಡ್ಡು ಬೆಟರು ಬೆಸ್ಟು, ಬ್ಯಾಡು ವರ್ಸು ವರ್ಸ್ಟು ಎಂದು ನಮ್ಮಿಂದ ಮಗ್ಗಿಯ ರಾಗದಲ್ಲಿ ಹೇಳಿಸುತ್ತಿದ್ದವರು ಅವರು. ಒಂದು ಸಲ ನಾನು 'ಮೋರ್ ಬೆಟರ್' ಎಂದಾಗ ಕಿವಿ ಹಿಂಡಿ, "ಒಂದು ತಲೆಗೆ ಎರಡು ಪೇಟ ಯಾಕೋ?" ಎಂದಿದ್ದರು. ಕಿವಿಯ ನೋವು ಅವತ್ತೇ ಹೋಯಿತು. ಪೇಟದ ಮಾತು ಉಳಿದುಕೊಂಡಿದೆ.

ಹಾಗೆ ನೋಡಿದರೆ ಹಣ್ಣಿನವನದು ತಪ್ಪೇನಲ್ಲ, ಅದು ಕನ್ನಡದ ಲೆಕ್ಕ. ಇಂಗ್ಲಿಷಿನಲ್ಲಿ ಹೋಲಿಕೆ ಬಂತೆಂದರೆ ಗುಣವಾಚಕ ವೇಷ ಬದಲಿಸಬೇಕು. ಟಾಲ್ ಇದ್ದದ್ದು ಟಾಲರ್ ಆಗಬೇಕು, ಟಾಲೆಸ್ಟ್ ಆಗಬೇಕು. ಪದ ಉದ್ದವಾಗಿದ್ದರೆ ಮುಂದೆ ಮೋರ್, ಮೋಸ್ಟ್ ಬಂದು ನಿಲ್ಲಬೇಕು. ಕನ್ನಡದಲ್ಲಿ ಎತ್ತರ ಕೂತಲ್ಲೇ ಕೂತಿರುತ್ತದೆ. ಅರ್ಜುನನಿಗಿಂತ ಭೀಮ ಎತ್ತರ, ಎಲ್ಲರಿಗಿಂತ ಭೀಮ ಎತ್ತರ. ದುಡಿಯುವುದೆಲ್ಲ 'ಗಿಂತ', ಅದೂ ಸೋತವನ ಹೆಗಲಿಗೆ ಅಂಟಿಕೊಂಡು. ಇಂಥ ಊರಿಗೆ ಬಂದ 'ಬೆಸ್ಟ್' ಬಾಲಕ್ಕೊಂದು ಉಕಾರ ಸಿಕ್ಕಿಸಿಕೊಂಡು ಬೆಸ್ಟು ಆಯಿತು. ಶಿಖರದ ಮೇಲೇ ನಿಂತಿರಬೇಕೆಂದು ಅದಕ್ಕೆ ಇಲ್ಲಿ ಯಾರೂ ಹೇಳಲಿಲ್ಲ. ಬೆಟರ್‌ನ ಗತಿ ಇನ್ನೂ ಪಾಪದ್ದು. ಜ್ವರ ಹೇಗಿದೆ ಅಂದರೆ "ನಿನ್ನೆಗಿಂತ ಬೆಟರು" ಎನ್ನುವುದಕ್ಕೆ ಮಾತ್ರ ಅದು ಬೇಕು.

ಆದರೆ ತವರುಮನೆಯಲ್ಲಾದರೂ ಈ ಪದಗಳು ಶಿಸ್ತಾಗಿದ್ದವೇ? 'ನಿಯರ್' ಎಂಬುದನ್ನೇ ನೋಡಿ. ಹತ್ತಿರ ಎನ್ನಲು ಇಂಗ್ಲಿಷಿನಲ್ಲಿ ಮೊದಲಿದ್ದದ್ದು 'ನೈ'. ಅದಕ್ಕಿಂತ ಹತ್ತಿರವಿದ್ದರೆ 'ನಿಯರ್', ಎಲ್ಲಕ್ಕಿಂತ ಹತ್ತಿರವಿದ್ದರೆ 'ನೆಕ್ಸ್ಟ್'. ಜನ ಬಳಸೀ ಬಳಸೀ ನಿಯರ್‌ನ ಒಳಗಿದ್ದ 'ಗಿಂತ' ಸವೆದುಹೋಯಿತು. ಅದು ಬರೀ ಹತ್ತಿರ ಎಂದಾಗಿ, ಅದರ ಮೇಲೆ ಇನ್ನೊಂದು ಅರ್ ಹೇರಿ ನಿಯರರ್ ಮಾಡಿದರು. ಅಂದರೆ ಮೇಷ್ಟ್ರು ಬೋರ್ಡಿನ ಮೇಲೆ ದುಂಡಗೆ ಬರೆಯುತ್ತಿದ್ದ ನಿಯರರ್‌ಗೆ ಎರಡು ಪೇಟ! ನೆಕ್ಸ್ಟ್ ಪಾಪ, ತಾನು ನೈ ಎಂಬುದರ ತುತ್ತತುದಿಯ ರೂಪ ಎನ್ನುವುದನ್ನೇ ಮರೆತು ಸಿಟಿ ಬಸ್ಸಿನಲ್ಲಿ ಮುಂದಿನ ಸ್ಟಾಪು ಕೂಗುತ್ತಿದೆ. 'ಲಾಸ್ಟ್' ಎಂಬುದು 'ಲೇಟ್' ಎಂಬುದರ ಹಳೆಯ ಎಸ್ಟ್ ರೂಪ. 'ಫೋರ್‌ಮೋಸ್ಟ್' ಅಂತೂ ಮೊದಲೇ ತುದಿಯಲ್ಲಿದ್ದ ಪದಕ್ಕೆ ಮತ್ತೆ ತುದಿ ಅಂಟಿಸಿ ಆದದ್ದು.

'ಲೆಸರ್' ಕೂಡ ಇದೇ ಪಂಗಡ. ಲೆಸ್ ಎಂದರೇ ಹೆಚ್ಚು ಕಡಿಮೆಯ ಹೋಲಿಕೆ ಮುಗಿದಿರುತ್ತದೆ, ಅದಕ್ಕೆ ಮತ್ತೊಂದು ಅರ್. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ಅನಾಗರಿಕರು ಕೆಡಿಸಿದ ರೂಪ ಎಂದು ಬೈದ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ವ್ಯಾಕರಣ ಪುಸ್ತಕದಲ್ಲಿ ಜೋಡಿ ಪೇಟಗಳನ್ನೆಲ್ಲ ತಪ್ಪೆಂದು ಪಟ್ಟಿ ಮಾಡಿದ. ಅದಕ್ಕೆ ಸುಮಾರು ನೂರ ಅರವತ್ತು ವರ್ಷ ಮೊದಲೇ ಶೇಕ್ಸ್‌ಪಿಯರ್ 'ಜೂಲಿಯಸ್ ಸೀಸರ್' ನಾಟಕದಲ್ಲಿ ಮೋಸ್ಟ್ ಮತ್ತು ಎಸ್ಟ್ ಎರಡನ್ನೂ ಒಂದೇ ಪದಕ್ಕೆ ಹೊರಿಸಿದ್ದ. ಬ್ರೂಟಸ್ ಇರಿದು ಸೀಸರನ ಮೇಲಂಗಿ ಹರಿದ ಜಾಗವನ್ನು ತೋರಿಸುವಾಗ ಆಂಟನಿಗೆ ಒಂದು ಪೇಟ ಸಾಲುವುದಿಲ್ಲ. ಲೌತ್‌ನೂ ಒಂದು ಕಡೆ ಸಡಿಲ ಬಿಟ್ಟ. ಹಳೆಯ ಕೀರ್ತನೆಗಳ ಅನುವಾದದಲ್ಲಿ ದೇವರನ್ನು 'ಮೋಸ್ಟ್ ಹೈಯೆಸ್ಟ್' ಎಂದಿರುವುದು ಸರಿಯೇ, ಅವನು ಎತ್ತರಕ್ಕೂ ಎತ್ತರದವನಲ್ಲವೇ ಎಂದ. ನಮ್ಮ ಹಣ್ಣಿನವನು ಮಲ್ಲಿಕಾಗೆ ಕೊಟ್ಟದ್ದೂ ಇದೇ ರಿಯಾಯಿತಿ.

ಇಂಗ್ಲಿಷಿನಲ್ಲಿ ಬೆಸ್ಟ್ ಕ್ರಿಯಾಪದವೂ ಹೌದು, ವರ್ಸ್ಟ್ ಕೂಡ. ಎದುರಾಳಿಯನ್ನು ಬೆಸ್ಟ್ ಮಾಡಿದರೂ ವರ್ಸ್ಟ್ ಮಾಡಿದರೂ ಅರ್ಥ ಒಂದೇ, ಸೋಲಿಸಿದರು ಅಂತ. ಮೇಷ್ಟ್ರು ಇದನ್ನು ನಮಗೆ ಹೇಳಲಿಲ್ಲ. ಒಳ್ಳೆಯದೇ ಆಯಿತು.

ಇಂಗ್ಲಿಷನ್ನು ಆಡಿಕೊಳ್ಳುವ ಮುಂಚೆ ನಮ್ಮ ಪತ್ರಿಕೆಗಳನ್ನು ಬಿಡಿಸಬೇಕು. ಸಂಸ್ಕೃತದ 'ಇಷ್ಠ' ಪ್ರತ್ಯಯವೂ ಇಂಗ್ಲಿಷಿನ ಎಸ್ಟೂ ಒಂದೇ ಬೇರಿನವು. ಸ್ವಾದು ಮತ್ತು ಸ್ವೀಟ್ ದಾಯಾದಿಗಳು, ಹಾಗಾಗಿ ಹೋಟೆಲಿನ ಬೋರ್ಡಿನಲ್ಲಿ 'ಸ್ವಾದಿಷ್ಟ ಊಟ' ಎಂದಿದ್ದರೆ ಅಕ್ಷರಶಃ ಸ್ವೀಟೆಸ್ಟ್ ಊಟ ಎಂದೇ. ಗುಡ್‌ಗೂ ಬೆಟರ್‌ಗೂ ಮುಖ ಹೋಲುವುದಿಲ್ಲ ಎಂದು ನಗುತ್ತಿದ್ದೆವಲ್ಲ, ಪ್ರಶಸ್ಯ ಎಂಬ ಪದ ಈ ಪ್ರತ್ಯಯಗಳ ಮುಂದೆ 'ಶ್ರ' ಆಗುತ್ತದೆ ಎಂದು ಪಾಣಿನಿಯೂ ಪ್ರತ್ಯೇಕ ಸೂತ್ರ ಬರೆಯಬೇಕಾಯಿತು. ಶ್ರೇಯಸ್ಸು ಅಂದರೆ ಬೆಟರ್, ಶ್ರೇಷ್ಠ ಅಂದರೆ ಬೆಸ್ಟ್. ನಾವೋ ಸಭೆಯಲ್ಲಿ ಎದ್ದು ನಿಂತು 'ಅತ್ಯಂತ ಶ್ರೇಷ್ಠ ಕವಿ' ಎನ್ನುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. ವರಿಷ್ಠ ಎಂದರೆ ಎಲ್ಲರಿಗಿಂತ ಮೇಲಿನವನು; ಆದರೆ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯ ಮೇಲೆ ಡಿಐಜಿ, ಐಜಿಪಿ, ಎಡಿಜಿಪಿ, ಡಿಜಿಪಿ ಇದ್ದಾರೆ. ಸಾಲದ್ದಕ್ಕೆ ಹೆಚ್ಚುವರಿ ವರಿಷ್ಠಾಧಿಕಾರಿ ಬೇರೆ. ಪಕ್ಷಗಳಲ್ಲಂತೂ ವರಿಷ್ಠರು ಬಹುವಚನದಲ್ಲೇ ಇರುತ್ತಾರೆ.

ಸವೆಯದೆ ಉಳಿದದ್ದು ನಮ್ಮ ಅಚ್ಚಗನ್ನಡದ ಜೋಡಿಗಳೇ ಅನ್ನಿಸುತ್ತದೆ. ಮೊತ್ತಮೊದಲು, ನಟ್ಟನಡು, ಕಟ್ಟಕಡೆ, ಕೊಟ್ಟಕೊನೆ. ಪದ ತನ್ನ ತಲೆಯನ್ನೇ ಇನ್ನೊಮ್ಮೆ ಗುದ್ದಿ ಹೇಳಿ ತುದಿ ಮುಟ್ಟುತ್ತದೆ. 'ಅತ್ಯಂತ ಕೊಟ್ಟಕೊನೆ' ಎಂದವರನ್ನು ನಾನಿನ್ನೂ ಕೇಳಿಲ್ಲ. ಆದರೆ ಈ ಉಪಾಯ ಸ್ಥಳಕ್ಕೆ, ಕಾಲಕ್ಕೆ ಒಗ್ಗುತ್ತದೆಯೇ ಹೊರತು ಮಾವಿನಹಣ್ಣಿಗಲ್ಲ. ಹಣ್ಣಿಗೆ ಬೆಸ್ಟೇ ಬೇಕು.

ಜುಲೈ ಕೊನೆಗೆ ಮತ್ತೆ ಅದೇ ಗಾಡಿ. ಮಲ್ಲಿಕಾ ಮುಗಿದಿತ್ತು, ಮೂಲೆಯಲ್ಲಿ ಒಂದಿಷ್ಟು ನೀಲಂ.

"ಮಲ್ಲಿಕಾಗಿಂತ ಬೆಸ್ಟೇನಪ್ಪಾ ಇದು?" ಎಂದೆ, ಬೇಕಂತಲೇ.

ಅವನು ಒಂದು ಹಣ್ಣೆತ್ತಿ ತೊಟ್ಟು ಮೂಸಿ ನೋಡಿದ. "ಸೀಸನ್ ಮುಗೀತಾ ಬಂತಲ್ಲ ಸಾರ್," ಎಂದ. "ಇರೋದ್ರಲ್ಲಿ ಬೆಸ್ಟು."