ವಾಕ್ಯಧ್ಯಾನ: ಮೈಸೂರು–ಚಾಮರಾಜನಗರ ಸೀಮೆಯ ಕಥೋಲಿಕರಲ್ಲಿ

ಕಥೋಲಿಕ ಕ್ರೈಸ್ತರು ಆಯಾ ದಿನದ ಪೂಜೆಗೆ ಗೊತ್ತುಮಾಡಿದ ಬೈಬಲ್ ವಾಚನವನ್ನು ಕೇಳಿ ಅಥವಾ ಓದಿ, ತಮ್ಮ ಬದುಕಿಗೆ ಹಚ್ಚಿ ನೋಡಿಕೊಂಡು, ಅದನ್ನೇ ಪ್ರಾರ್ಥನೆಯಾಗಿಸಿಕೊಳ್ಳುವ ಅಭ್ಯಾಸವೇ ವಾಕ್ಯಧ್ಯಾನ. ಗುರುಗಳ ಪ್ರಬೋಧನೆ, ಸಂಜೆಯ ಜಪಸರ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶಿಲುಬೆಯ ಹಾದಿ, ಧ್ಯಾನಕೂಟ, ಈಚೆಗೆ ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಪುಟ್ಟ ಚಿಂತನೆ ಎಲ್ಲವೂ ಇದರ ರೂಪಗಳೇ. ಇದನ್ನು ಓದಿನ ಅಭ್ಯಾಸವೆಂದು ಬಣ್ಣಿಸುವುದು ವಾಡಿಕೆ. ಮೈಸೂರು ಸೀಮೆಯ ಮಟ್ಟಿಗೆ ಅದು ಅರ್ಧ ಸತ್ಯ. ಇಲ್ಲಿ ದೇವರ ವಾಕ್ಯ ಪುಸ್ತಕವಾಗಿ ಮನೆಮನೆ ಸೇರುವುದಕ್ಕೆ ಬಹಳ ಹಿಂದೆಯೇ ಮಾತಾಗಿ, ಹಾಡಾಗಿ, ಊರಿನಲ್ಲಿ ಧರ್ಮಪಾಠ ಹೇಳಿಕೊಡುವ ಉಪದೇಶಿಯ ಬಾಯಿಪಾಠವಾಗಿ ಕಿವಿಗೆ ಬಿದ್ದಿತ್ತು. ಧ್ಯಾನದ ರೀತಿಯೂ ಅದಕ್ಕೆ ತಕ್ಕಂತೆಯೇ ಬೆಳೆದಿದೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟ (1,454 ಮೀ.) ಇರುವ ಗುಂಡ್ಲುಪೇಟೆ ತಾಲ್ಲೂಕು ಕಥೋಲಿಕ ಆಡಳಿತದಲ್ಲಿ ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದೆ. ಬೆಟ್ಟ ವೇಣುಗೋಪಾಲನದು, ಹೊಯ್ಸಳರ ಕಾಲದ ವೈಷ್ಣವ ಕ್ಷೇತ್ರ. ಈ ಲೇಖನದಲ್ಲಿ ಬೆಟ್ಟ ಬರುವುದು ಸೀಮೆಯ ಗುರುತಾಗಿ ಮಾತ್ರ. ಅದರ ದಕ್ಷಿಣಕ್ಕೆ ಬಂಡೀಪುರದ ಕಾಡು ದಾಟಿದರೆ ನೀಲಗಿರಿ, ಪಶ್ಚಿಮಕ್ಕೆ ವಯನಾಡು, ಪೂರ್ವಕ್ಕೆ ಚಾಮರಾಜನಗರ, ಕೊಳ್ಳೇಗಾಲ. ಈ ಮೂರು ದಿಕ್ಕಿಗೂ ಕಥೋಲಿಕರಿದ್ದಾರೆ, ಆದರೆ ಒಂದೇ ಭಾಷೆಯಲ್ಲಿ ಅಲ್ಲ, ಒಂದೇ ಪೂಜಾಕ್ರಮದಲ್ಲೂ ಅಲ್ಲ. 1886ರಲ್ಲಿ ಸ್ಥಾಪನೆಯಾದ ಮೈಸೂರು ಧರ್ಮಕ್ಷೇತ್ರ 1940ರಲ್ಲಿ ಬೆಂಗಳೂರು, ಮೈಸೂರು ಎಂದು ಎರಡಾಯಿತು. 1955ರಲ್ಲಿ ಊಟಿ ಧರ್ಮಕ್ಷೇತ್ರ ಮೈಸೂರಿನಿಂದ ಬೇರ್ಪಟ್ಟಿತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಮಾರ್ಟಳ್ಳಿಯಂಥ ಊರುಗಳ ಕಥೋಲಿಕರಿಗೆ ಜಪವೂ ಹಾಡೂ ತಮಿಳಿನದು. ವಯನಾಡಿನ ಕಡೆ ಮಾನಂದವಾಡಿಯ ಸಿರೋ ಮಲಬಾರ್, ಬತ್ತೇರಿಯ ಸಿರೋ ಮಲಂಕರ ಧರ್ಮಕ್ಷೇತ್ರಗಳಿವೆ. ಅವರ ಪೂಜಾವರ್ಷವೂ ವಾಚನಗಳ ಸರದಿಯೂ ಲ್ಯಾಟಿನ್ ಕ್ರಮದ ಮೈಸೂರಿನವರಿಗಿಂತ ಬೇರೆ. ಅಂದರೆ ಗುಂಡ್ಲುಪೇಟೆಯಲ್ಲಿ ಭಾನುವಾರ ಕೇಳಿದ ಶುಭಸಂದೇಶವನ್ನೇ ಅದೇ ದಿನ ಸುಲ್ತಾನ್ ಬತ್ತೇರಿಯಲ್ಲೂ ಓದಿರುತ್ತಾರೆಂದು ಹೇಳಲಾಗದು.

ಇಲ್ಲಿ ಈ ಅಭ್ಯಾಸದ ಆರಂಭ 17ನೆಯ ಶತಮಾನದ ನಡುವಿನದು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ 1640ರ ದಶಕದ ಕೊನೆಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕನ್ನಡ ಕಲಿತು, ಧರ್ಮೋಪದೇಶದ ಪುಸ್ತಕ, ವ್ಯಾಕರಣ, ಸಂತರ ಚರಿತ್ರೆಗಳನ್ನು ಬರೆದರು. ಅವರು ಬೈಬಲಿನ ಅನುವಾದಕ್ಕಿಂತ ಮೊದಲು ಸಂತರ ಕಥೆಗೆ ಕೈಹಾಕಿದ್ದು ಗಮನಿಸಬೇಕಾದ ಸಂಗತಿ. ಓದು ಬಾರದ ಮಂದಿಗೆ ಕಥೆ ನಿಲ್ಲುತ್ತದೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸರು ಹೇಳಿಕೊಟ್ಟ ಧ್ಯಾನಕ್ರಮವೂ ಇದಕ್ಕೆ ಹೊಂದುವಂಥದು: ಶುಭಸಂದೇಶದ ಒಂದು ಘಟನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅಲ್ಲಿನ ಜನರನ್ನು ಕಂಡು, ಅವರ ಮಾತು ಕೇಳಿ, ತಾನೂ ಅವರ ನಡುವೆ ಒಬ್ಬನಾಗುವುದು. ರಾತ್ರಿ ಮಲಗುವ ಮುನ್ನ ದಿನವನ್ನು ಹಿಂದಿರುಗಿ ನೋಡಿ ಆತ್ಮಶೋಧನೆ ಮಾಡಿಕೊಳ್ಳುವುದು. ಎರಡಕ್ಕೂ ಅಕ್ಷರ ಬೇಕಾಗಿಲ್ಲ.

1773ರಲ್ಲಿ ಜಗದ್ಗುರುಗಳು (ಪೋಪ್) ಯೇಸುಸಭೆಯನ್ನು ರದ್ದುಪಡಿಸಿದ ಮೇಲೆ ಈ ಸೀಮೆ ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಗುರುಗಳ ಕೈಗೆ ಬಂತು. ಅವರಲ್ಲಿ ಹೆಸರಾದವರು ಅಬ್ಬೆ ದ್ಯುಬುವಾ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದವರು, ದೇವಿ ಹಾಕಿಸುವ ಕೆಲಸಕ್ಕೂ ನಿಂತವರು. ಹಿಂದೂ ನಡೆನುಡಿಗಳನ್ನು ಕುರಿತ ಅವರ ಪುಸ್ತಕ (1816) ಎಲ್ಲರಿಗೂ ಗೊತ್ತು. ವಾಕ್ಯಧ್ಯಾನದ ಚರಿತ್ರೆಗೆ ಅದಕ್ಕಿಂತ ಬೇಕಾದದ್ದು, ಅವರು ಊರಿಗೆ ಮರಳಿದ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು. ಬೈಬಲನ್ನು ಅವಸರದ ಅನುವಾದದಲ್ಲಿ ಹಂಚುವುದರಿಂದ ಪ್ರಯೋಜನವಿಲ್ಲ, ಅಸಹ್ಯ ಹುಟ್ಟೀತು ಎಂದು ಅಲ್ಲಿ ವಾದಿಸಿದರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರೊಟೆಸ್ಟಂಟ್ ಪಾದ್ರಿಗಳು ಮರುವರ್ಷವೇ ಉತ್ತರ ಬರೆದರು.

ಆ ಪತ್ರಗಳಲ್ಲಿ ದ್ಯುಬುವಾ ಒಂದು ಪ್ರಸಂಗ ಹೇಳುತ್ತಾರೆ. ಯೇಸು ಹೇಳಿದ ದುಂದುಗಾರ ಮಗನ ಸಾಮತಿಯನ್ನು (ದೃಷ್ಟಾಂತವನ್ನು) ವಿವರಿಸುತ್ತ, ಮಗ ಮನೆಗೆ ಮರಳಿದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕಡಿಸಿದನೆಂದು ಇದ್ದದ್ದು ಇದ್ದಂತೆಯೇ ಹೇಳಿಬಿಟ್ಟರು. ಪೂಜೆ ಮುಗಿದ ಮೇಲೆ ಕೆಲವರು ಬಂದು, ಕರುವಿನ ಮಾತು ಎತ್ತಬಾರದಿತ್ತು, ಬೇರೆಯವರು ಯಾರಾದರೂ ಕೇಳಿಸಿಕೊಂಡಿದ್ದರೆ ನಮ್ಮ ಗತಿಯೇನು, ಇನ್ನೊಮ್ಮೆ ಹೇಳುವಾಗ ಕುರಿಮರಿ ಎನ್ನಿ ಎಂದು ಬುದ್ಧಿ ಹೇಳಿದರು. ದ್ಯುಬುವಾ ಇದನ್ನು ತಮ್ಮ ನಿರಾಶೆಗೆ ಸಾಕ್ಷಿಯಾಗಿ ಬರೆದಿದ್ದಾರೆ. ಇಂದು ಓದುವವರಿಗೆ ಅದು ಬೇರೆಯಾಗಿಯೇ ಕಾಣುತ್ತದೆ. ಆ ಜನ ಕಿವಿಗೊಟ್ಟು ಕೇಳಿದ್ದರು, ಕೇಳಿದ್ದನ್ನು ತಮ್ಮ ಬೀದಿಗೆ, ನೆರೆಹೊರೆಗೆ ತಂದು ತೂಗಿದ್ದರು, ಗುರುವನ್ನೇ ತಿದ್ದುವಷ್ಟು ಅದನ್ನು ತಮ್ಮದಾಗಿಸಿಕೊಂಡಿದ್ದರು. ಮೈಸೂರು ಸೀಮೆಯ ಸಾಮಾನ್ಯ ಕಥೋಲಿಕರು ವಾಕ್ಯದ ಮೇಲೆ ಚಿಂತಿಸಿದ್ದಕ್ಕೆ ಸಿಗುವ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮುಂತಾದ ಪ್ರೊಟೆಸ್ಟಂಟ್ ಮಿಷನರಿಗಳು 19ನೆಯ ಶತಮಾನದ ಮೊದಲ ಭಾಗದಲ್ಲೇ ಕನ್ನಡ ಬೈಬಲನ್ನು ಮುದ್ರಿಸಿದರು. ಕಥೋಲಿಕ ಗುರುಗಳು ಆ ಶತಮಾನದಲ್ಲಿ ಹೆಚ್ಚು ದುಡಿದದ್ದು ಜಪದ ಪುಸ್ತಕ, ಧರ್ಮೋಪದೇಶ ಮತ್ತು ನಿಘಂಟುಗಳಿಗೆ. ಬೆಂಗಳೂರಿನ ಮಿಷನ್ ಮುದ್ರಣಾಲಯದ ಲ್ಯಾಟಿನ್–ಕನ್ನಡ ನಿಘಂಟು 1861ರದು. ಪೂಜೆ ಲ್ಯಾಟಿನ್ನಿನಲ್ಲೇ ಇತ್ತು. ಗುರು ಪೀಠದ ಕಡೆ ಮುಖಮಾಡಿ ಲ್ಯಾಟಿನ್ ಹೇಳುತ್ತಿದ್ದರೆ, ಹಿಂದೆ ಕುಳಿತ ಜನ ಜಪಸರ ಎಣಿಸುತ್ತಿದ್ದರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಜಪಸರದ ರಹಸ್ಯಗಳು ಗಬ್ರಿಯೇಲ ದೂತನ ಸಂದೇಶದಿಂದ ಶಿಲುಬೆ, ಪುನರುತ್ಥಾನದವರೆಗೆ ಬಹುಪಾಲು ಶುಭಸಂದೇಶದ ಘಟನೆಗಳೇ. ಬೆರಳಿನ ಮೇಲೆ ಮಣಿ ಸರಿಯುವಷ್ಟು ಹೊತ್ತು ಒಂದು ಘಟನೆಯ ಮುಂದೆ ಕೂರಿಸುವ ಉಪಾಯ ಅದು. ಶಿಲುಬೆಯ ಹಾದಿಯ 14 ಸ್ಥಳಗಳದ್ದೂ ಅದೇ ಕೆಲಸ.

ತಿರುವು ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ (1962–65). 1963ರ ಡಿಸೆಂಬರಿನಲ್ಲಿ ಹೊರಬಿದ್ದ ಆರಾಧನಾ ವಿಧಿಯ ಶಾಸನ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1965ರ ನವೆಂಬರಿನ ದೈವಪ್ರಕಟಣೆಯ ಶಾಸನ ಎಲ್ಲ ವಿಶ್ವಾಸಿಗಳೂ ಬೈಬಲನ್ನು ಆಗಾಗ ಓದಬೇಕೆಂದು ಒತ್ತಿ ಹೇಳಿತು. 1969ರ ವಾಚನಮಾಲೆ ಅದನ್ನು ದಿನಚರಿಯಾಗಿ ಮಾಡಿತು. ಭಾನುವಾರದ ಸರದಿ ಮೂರು ವರ್ಷದ್ದು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನರ ಶುಭಸಂದೇಶ ಮುಖ್ಯವಾಗಿ ತಪಸ್ಸುಕಾಲಕ್ಕೂ ಪಾಸ್ಖ (ಈಸ್ಟರ್) ಕಾಲಕ್ಕೂ ಮೀಸಲು. ಸಾಧಾರಣ ಕಾಲದ ವಾರದ ದಿನಗಳಲ್ಲಿ ಮೊದಲ ವಾಚನ ಎರಡು ವರ್ಷಕ್ಕೊಮ್ಮೆ ಮರಳುತ್ತದೆ, ಶುಭಸಂದೇಶ ಪ್ರತಿವರ್ಷವೂ ಅದೇ. ದ್ಯುಬುವಾರನ್ನು ಪೇಚಿಗೆ ಸಿಕ್ಕಿಸಿದ ಸಾಮತಿ ಈಗ ಪ್ರತಿವರ್ಷ ತಪಸ್ಸುಕಾಲದ ಎರಡನೆಯ ವಾರದ ಶನಿವಾರ ಬರುತ್ತದೆ. ಆ ಕಾಲದ ಎರಡನೆಯ ಭಾನುವಾರ ಯೇಸು ಬೆಟ್ಟದ ಮೇಲೆ ರೂಪಾಂತರ ಹೊಂದಿದ ಪ್ರಸಂಗ.

ಕೇಳುವುದಕ್ಕೆ ಈಗಲೂ ಒಂದು ಶಿಸ್ತಿದೆ. ಮೊದಲ ವಾಚನವನ್ನು ಜನರಲ್ಲೇ ಒಬ್ಬರು ಓದುತ್ತಾರೆ, ಎಲ್ಲರೂ ಕುಳಿತು ಕೇಳುತ್ತಾರೆ. ಕೀರ್ತನೆಯ ಪಲ್ಲವಿಗೆ ಸಭೆ ದನಿಗೂಡಿಸುತ್ತದೆ. ಶುಭಸಂದೇಶಕ್ಕೆ ಎದ್ದು ನಿಲ್ಲುತ್ತಾರೆ, ಹೆಬ್ಬೆರಳಿನಿಂದ ಹಣೆಯ ಮೇಲೆ, ತುಟಿಯ ಮೇಲೆ, ಎದೆಯ ಮೇಲೆ ಮೂರು ಪುಟ್ಟ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ವಾಕ್ಯ ಬುದ್ಧಿಗೆ ಬರಲಿ, ಬಾಯಲ್ಲಿರಲಿ, ಎದೆಯಲ್ಲಿ ಉಳಿಯಲಿ ಎಂಬುದು ಅದರ ಆಶಯ. ಆಮೇಲೆ ಪ್ರಬೋಧನೆ. ಇದು ಚೆನ್ನಾಗಿದ್ದರೆ ಜನ ಮನೆಗೆ ಹೋಗುವಾಗ ಅದನ್ನೇ ಮಾತಾಡಿಕೊಳ್ಳುತ್ತಾರೆ, ಉದ್ದವಾದರೆ ಹಿಂದಿನ ಸಾಲಿನವರು ಗಡಿಯಾರ ನೋಡುತ್ತಾರೆ. ಬಿತ್ತುವವನ ಸಾಮತಿಯ ದಿನ ಈ ಕಡೆಯ ಗುರುವಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಚೆಂಡುಹೂ, ಸೂರ್ಯಕಾಂತಿ, ಅರಿಸಿನ ಬೆಳೆಯುವ, ಮಳೆ ನಂಬಿದ ಗುಂಡ್ಲುಪೇಟೆಯ ರೈತನಿಗೆ ಬೀಜ ದಾರಿಯ ಪಾಲಾಗುವುದು, ಕಲ್ಲುನೆಲದಲ್ಲಿ ಒಣಗುವುದು ಹೊಸ ಸುದ್ದಿಯಲ್ಲ. ಹಕ್ಕಿಗಳ ಜೊತೆಗೆ ಆನೆ, ಹಂದಿಯೂ ಅವನ ಲೆಕ್ಕದಲ್ಲಿವೆ. ಒಂದಕ್ಕೆ ಮೂವತ್ತು, ಅರವತ್ತು, ನೂರು ಎಂಬ ಇಳುವರಿಯೇ ಅವನಿಗೆ ಪ್ರಶ್ನೆ. ಸಾಮತಿಯ ಬೆರಗು ಇರುವುದೂ ಅಲ್ಲಿಯೇ.

ಮಹಾಸಭೆ ತಂದ ಹೊಸ ಗಾಳಿಗೆ ಕರ್ನಾಟಕದಲ್ಲಿ ನೆಲೆ ಒದಗಿಸಿದವರು ಡಿ. ಎಸ್. ಅಮಲೋರ್ಪವದಾಸ್ (1932–1990). ತಮಿಳುನಾಡಿನವರು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗಳ ರಾಷ್ಟ್ರೀಯ ಕೇಂದ್ರದ ಮೊದಲ ನಿರ್ದೇಶಕರು. ಭಾರತದ ಪೂಜೆಯಲ್ಲಿ ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮ, ಎಣ್ಣೆದೀಪ, ಆರತಿ, ಅಂಜಲಿ ಮುದ್ರೆ ಇವೆಲ್ಲಕ್ಕೂ ಎಡೆಕೊಟ್ಟ ಹನ್ನೆರಡು ಅಂಶಗಳಿಗೆ 1969ರ ಏಪ್ರಿಲಿನಲ್ಲಿ ರೋಮ್ ಒಪ್ಪಿಗೆ ನೀಡಿತು. ಅವುಗಳ ಹಿಂದಿನ ಮುಖ್ಯ ಶಕ್ತಿ ಅವರೇ. ಹಿಂದೂಕರಣವೆಂದು ಕೆಲವು ಕಥೋಲಿಕರೇ ಸಿಡಿಮಿಡಿಗೊಂಡರು, ಆ ಜಗಳ ಪೂರ್ತಿ ಆರಿಲ್ಲ. ಮುಂದೆ ಅವರು ಮೈಸೂರಿಗೆ ಬಂದು, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು, ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಮೊದಲ ಮುಖ್ಯಸ್ಥರಾದರು. ಆಶ್ರಮದ ಧ್ಯಾನಕೂಟದ ಹೆಸರು ಆತ್ಮ ಪೂರ್ಣ ಅನುಭವ. ಮೌನ, ಸತ್ಸಂಗ, ಬೈಬಲ್ ವಾಚನ, ಬಲಿಪೂಜೆ ಒಂದೇ ದಿನಚರಿಯ ಭಾಗಗಳು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಆರತಿ, ಪ್ರಣಾಮಗಳ ಚರ್ಚೆಯಲ್ಲಿ ಅವರ ಇನ್ನೊಂದು ಕೊಡುಗೆ ಮರೆಯಾಗಿದೆ: ವಾಕ್ಯದ ಮುಂದೆ ಸುಮ್ಮನೆ ಕೂರುವುದನ್ನು ಗೃಹಸ್ಥರಿಗೂ ಕಲಿಸಿದ್ದು.

ಧ್ಯಾನ ಗೃಹಸ್ಥರದೂ ಆದಂತೆ ಪಾವಿತ್ರ್ಯದ ಕಲ್ಪನೆಯೂ ಇದೇ ಕಾಲದಲ್ಲಿ ಬದಲಾಯಿತು. ಸಂತಪದವಿ ಸನ್ಯಾಸಿಗಳ ಸೊತ್ತೆಂಬ ಭಾವನೆಯನ್ನು ಧರ್ಮಸಭೆಯನ್ನು ಕುರಿತ ಮಹಾಸಭೆಯ 1964ರ ಶಾಸನದ ಐದನೆಯ ಅಧ್ಯಾಯ ಒಡೆಯಿತು. ಮದುವೆಯಾದವರು, ದುಡಿಯುವವರು, ರೋಗಿಗಳು ಎಲ್ಲರಿಗೂ ಪಾವಿತ್ರ್ಯದ ಕರೆ ಒಂದೇ. 24ನೆಯ ವಯಸ್ಸಿಗೇ ತೀರಿಕೊಂಡ ಲಿಸಿಯೂದ ಸಂತ ತೆರೇಸಾ (1873–97) ಹೇಳಿದ ಕಿರುಹಾದಿ, ಅಂದರೆ ಸಣ್ಣ ಕೆಲಸವನ್ನು ದೊಡ್ಡ ಪ್ರೀತಿಯಿಂದ ಮಾಡುವುದು, ಇದಕ್ಕೆ ಮುನ್ನುಡಿ. ಜಗದ್ಗುರು ಫ್ರಾನ್ಸಿಸರು 2018ರಲ್ಲಿ ಪಕ್ಕದ ಮನೆಯ ಸಂತರ ಮಾತೆತ್ತಿದರು. 2022ರ ಮೇ 15ರಂದು ಕನ್ಯಾಕುಮಾರಿ ಸೀಮೆಯ ಗೃಹಸ್ಥ ದೇವಸಹಾಯಂ ಪಿಳ್ಳೆಯವರನ್ನು ಸಂತರೆಂದು ಸಾರಿದ್ದೂ ಅದೇ ದಾರಿಯಲ್ಲಿ.

ಜನರ ಭಕ್ತಿ ಮಾತ್ರ ಶಾಸನ ನೋಡಿಕೊಂಡು ನಡೆಯುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಶಂಕುಸ್ಥಾಪನೆ ಮಾಡಿದ ಮೈಸೂರಿನ ಪ್ರಧಾನಾಲಯಕ್ಕೆ ಹೆಸರು ಕೊಟ್ಟ ಸಂತ ಫಿಲೋಮಿನಾರ ಹಬ್ಬವನ್ನು ರೋಮ್ 1961ರಲ್ಲಿ ಪಂಚಾಂಗದಿಂದ ತೆಗೆಯಿತು. ಆದರೂ ಊರಿಗೆ ಅದು ಇಂದಿಗೂ ಫಿಲೋಮಿನಾ ಚರ್ಚೇ. ಮೈಸೂರು ಜಿಲ್ಲೆಯ ದೋರನಹಳ್ಳಿಯಲ್ಲಿ ಹೊಲ ಉಳುವಾಗ ರೈತನಿಗೆ ಮರದ ವಿಗ್ರಹ ಸಿಕ್ಕಿತೆಂಬ ಐತಿಹ್ಯವಿರುವ ಸಂತ ಅಂತೋಣಿಯವರ ಗುಡಿಗೆ ಎಲ್ಲ ಜಾತಿಮತದವರೂ ಹರಕೆ ಹೊತ್ತು ಬರುತ್ತಾರೆ. ಅದು 2019ರಲ್ಲಿ ಬೆಸಿಲಿಕಾ ಆಯಿತು. ಕಳೆದುಹೋದದ್ದನ್ನು ಹುಡುಕಿಕೊಡುವವರೆಂದು ಅಂತೋಣಿಯವರಿಗೆ ಮಂಗಳವಾರದ ಪ್ರಾರ್ಥನೆ ಸಲ್ಲುತ್ತದೆ. ಬದುಕಿದ್ದಾಗ (1195–1231) ಅವರ ಖ್ಯಾತಿ ಬೇರೆಯದು: ಬೈಬಲನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಬೋಧಕರು, 1946ರಲ್ಲಿ ಧರ್ಮಸಭೆಯ ಪಂಡಿತರೆಂಬ ಮನ್ನಣೆ ಪಡೆದವರು. ಹರಕೆಗೆ ಬಂದವರಿಗೆ ಈ ಅಂತೋಣಿಯವರ ಪರಿಚಯ ಕಡಿಮೆ.

ವಾಕ್ಯದ ಓದಿಗೆ ಮರಳಿದರೆ, 20ನೆಯ ಶತಮಾನದ ಕೊನೆಯ ಹೊತ್ತಿಗೆ ಬೈಬಲ್ ಸೊಸೈಟಿಯ ಮೂಲಕ, ಕಥೋಲಿಕರ 73 ಗ್ರಂಥಗಳನ್ನೂ ಒಳಗೊಂಡ ಸರಳಗನ್ನಡ ಅನುವಾದ ಬಂದಮೇಲೆ ಮನೆಯಲ್ಲಿ ಓದುವವರಿಗೆ ಅನುಕೂಲವಾಯಿತು. ಕಿರು ಕ್ರೈಸ್ತ ಸಮುದಾಯಗಳಲ್ಲಿ, ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಗಳ ಕ್ರಮದಂತೆ, ನೆರೆಯವರು ಸೇರಿ ಒಂದು ಭಾಗ ಓದಿ, ಮನ ತಟ್ಟಿದ ಮಾತನ್ನು ಮತ್ತೆ ಹೇಳಿ, ಮೌನವಾಗಿದ್ದು, ಹಂಚಿಕೊಳ್ಳುತ್ತಾರೆ. 2019ರಲ್ಲಿ ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಮಾಡಿದರು.

ಮುದ್ರಿತ ಪ್ರಬೋಧನೆಗಳ ಪುಸ್ತಕಗಳು ಈಗ ಕೈಗೆಟುಕುತ್ತವೆ. ಈ ಸೀಮೆಯ ನಿಜವಾದ ವ್ಯಾಖ್ಯಾನಕಾರರಾಗಿದ್ದ ಹಳ್ಳಿಯ ಉಪದೇಶಿಗಳ ಮಾತಾದರೋ ಬಹುಪಾಲು ಕೇಳಿದವರ ನೆನಪಿನಲ್ಲಷ್ಟೇ ಇದೆ. ಕೊಳ್ಳೇಗಾಲ, ಹನೂರು, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಧರ್ಮಕೇಂದ್ರಗಳೂ ಮೈಸೂರು ವಿಶ್ವವಿದ್ಯಾನಿಲಯವೂ ಮನಸ್ಸು ಮಾಡಿ, ವಯಸ್ಸಾದವರು ಇರುವಾಗಲೇ ಅದನ್ನು ಕನ್ನಡ, ತಮಿಳು ಎರಡರಲ್ಲೂ ಧ್ವನಿಮುದ್ರಿಸಿ ಇಡಬೇಕು.