ಹಳೇ ಖಾತೆ, ಭಾಗ 7: ಕಲ್ಲಲ್ಲ, ಚೀಲಾನೇ ತೆಗೆದ ಡಾಕ್ಟರ್

ಜಾತ್ರ್ಯಾಗ ಮಿರ್ಚಿ ತಿಂದು, ಬಲಗಡೆ ಪಕ್ಕೆಲುಬಿನ ಕೆಳಗ ನೋವು ಬಂದ್ರ ‘ಗ್ಯಾಸ್’ ಅಂತ ಸೋಡಾ ಕುಡಿದು ಮಲಗ್ತೀರಲ್ಲ, ಈ ಕಥಿ ನಿಮಗ.

ಪಿತ್ತಕೋಶದ ಬಾಯಿಗೆ ಕಲ್ಲು ಸಿಕ್ಕೊಂಡ್ರ ಪಿತ್ತರಸ ಒಳಗೇ ನಿಲ್ತದ. ಕಾಲುವೆ ನೀರು ನಿಂತ್ರ ಕೆಡ್ತದಲ್ಲ, ಹಂಗ. ಮೊದಲು ಬಾವು. ಆಮೇಲೆ ಕರುಳಿನ ಇ. ಕೋಲಿಯಂಥ ಬ್ಯಾಕ್ಟೀರಿಯಾ ಅಲ್ಲಿ ಬೆಳೀತಾವ. ಜ್ವರ, ಕೀವು, ಕೆಲವೊಮ್ಮೆ ಚೀಲಾನೇ ಕೊಳೆತು ಒಡೀತದ.

ಹಿಂದಿನ ಸರ್ಜನ್‌ಗಳು ಚೀಲ ಕೊಯ್ದು ಕಲ್ಲಷ್ಟೇ ತೆಗೀತಿದ್ರು. ಕಲ್ಲು ಮತ್ತೆ ಬರ್ತಿತ್ತು. ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್ ಬೇರೆ ಲೆಕ್ಕ ಹಾಕಿದ್ರು: ಕಲ್ಲು ಹುಟ್ಟಿಸೋದೇ ಈ ಚೀಲ, ಅದನ್ನೇ ತೆಗೀಬೇಕು. ಹೆಣಗಳ ಮ್ಯಾಲೆ ಅಭ್ಯಾಸ ಮಾಡಿ, 1882ರ ಜುಲೈ 15ರಂದು 43 ವರ್ಷದ ರೋಗಿಯೊಬ್ಬನ ಪಿತ್ತಕೋಶ ತೆಗೆದ್ರು. ಮರುದಿನ ಅವನಿಗೆ ಜ್ವರಾನೇ ಇಲ್ಲ, ಸಿಗಾರ್ ಸೇದ್ತಿದ್ನಂತ! (ನೀವು ಸೇದಬ್ಯಾಡ್ರಿ.)

ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ಈಗ ಅದ, ಖರೆ. ಆದ್ರ ಅದು ಬ್ಯಾಕ್ಟೀರಿಯಾ ಕೊಲ್ತದ, ಕಲ್ಲು ಸರಿಸಲ್ಲ. ಜ್ವರದ ಜೊತೆ ಆ ನೋವಿದ್ರ ಮೆಡಿಕಲ್ ಶಾಪ್ ಗುಳಿಗಿ ನುಂಗಿ ಕೂಡಬ್ಯಾಡ್ರಿ, ದವಾಖಾನಿಗೆ ಹೋಗ್ರಿ.

1985ರಾಗ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ತೂತು ಹಾಕಿ ಲ್ಯಾಪರೋಸ್ಕೋಪ್‌ನಿಂದ ಅದೇ ಚೀಲ ತೆಗೆದ್ರು. ಅಲ್ಲಿನ ಸರ್ಜನ್‌ಗಳೇ ನಕ್ಕರು. ನಮ್ಮ ಕಡಿಯವರು ದುಡಿಯಾಕ ಹೋಗೋ ಮುಂಬೈಗೆ ಅದು 1990ರಾಗ ಬಂತು, ಜೆ.ಜೆ. ಆಸ್ಪತ್ರೆಯ ತೆಹೆಮ್ಟನ್ ಉದ್ವಾಡಿಯಾ ಅವರ ಕೈಯಿಂದ. ಅವರ ಕಥಿ ಭಾಗ 8ರಾಗ.